ಕಣದ ಹತ್ತಿರ ಟೈರಿನ ಜಾಡು ಉಳಿದಿದೆ, ಮಳೆ ಬರೋ ಮೊದಲು ಏನು ಮಾಡಬೇಕು?

ಎರೆಹೊಲದ ಹುಡುಗಿ, ರೋಣ ತಾಲ್ಲೂಕು
ಶನಿವಾರ ಬೆಳಗ್ಗೆ 8:50

ಎಲ್ಲರಿಗೂ ನಮಸ್ಕಾರ. ಅವಸರದಲ್ಲಿ ಬರೆಯುತ್ತಿದ್ದೇನೆ, ತಿಳಿದವರು ಬೇಗ ಹೇಳಿ.

ನಮ್ಮದು ರೋಣದ ಕಡೆ ಎರೆ ಹೊಲ. ಈ ವರ್ಷ ಕಡ್ಡಿ ಮೆಣಸಿನಕಾಯಿ ಹಾಕಿದ್ದೆವು. ಕಣದಲ್ಲೇ ಒಣಗಿಸಿ, ಅವ್ವ ಮತ್ತು ಆಳುಗಳು ಕೂತು ಬಿಳಿಗಾಯಿ ಆರಿಸಿ, 11 ಚೀಲ ತುಂಬಿ ಹೊಲಿದು ಇಟ್ಟಿದ್ದೆವು. ಸೋಮವಾರ ಬ್ಯಾಡಗಿಗೆ ಒಯ್ಯಬೇಕಿತ್ತು. ನಿನ್ನೆ ರಾತ್ರಿ ಅಷ್ಟೂ ಚೀಲ ಕಳುವಾದವು. ಅಪ್ಪ ದಿನಾ ಕಣದಲ್ಲೇ ಮಲಗುತ್ತಾರೆ. ನಿನ್ನೆ ಮೈ ಕಾದಿತ್ತು ಅಂತ 1 ಗಂಟೆಗೆ ಮನೆಗೆ ಬಂದರು. ಬೆಳಗ್ಗೆ 5ಕ್ಕೆ ಕಾಕಾ ಹೋಗಿ ನೋಡಿದರೆ ಬರೀ ತಾಡಪತ್ರಿ ಬಿದ್ದಿತ್ತು. ಅವಾಗಿನಿಂದ ಅಪ್ಪ ಯಾರ ಜೊತೆಗೂ ಸರಿಯಾಗಿ ಮಾತಾಡಿಲ್ಲ.

ಮೊನ್ನೆ ಜಿಟಿಜಿಟಿ ಮಳೆ ಆಗಿತ್ತಲ್ಲ, ಚಕ್ಕಡಿ ದಾರಿಯಿಂದ ಕಣದವರೆಗೆ ನೆಲ ಇನ್ನೂ ಹಸಿ ಇದೆ. ಅಲ್ಲಿ ನಾಲ್ಕು ಗಾಲಿಯ ಗಾಡಿಯ ಜಾಡು ಮೂಡಿದೆ. ಬಲಗಡೆಯದು ಪೂರ್ತಿ ಕಲಸಿ ಹೋಗಿದೆ. ಎಡಗಡೆ ಜಾಡು ಅರ್ಧ ಹಳೆ ಚಕ್ಕಡಿ ಗುಂಡಿಯೊಳಗೆ ಬಿದ್ದಿದೆ. ಆದರೆ ಅದರ ಹೊರ ಅಂಚು, ಸುಮಾರು ನಾಲ್ಕು ಬೆರಳಗಲ, ಕೆತ್ತಿದ ಹಾಗೆ ಸ್ವಚ್ಛವಾಗಿದೆ. ಹಾವು ಹರಿದಂಥ ಗೆರೆಗಳು ಕಾಣುತ್ತವೆ. ಒಂದು ಕಡೆ ಗೆರೆಯ ಪಕ್ಕ ಅರ್ಧಚಂದ್ರದ ಹಾಗೆ ಮಣ್ಣು ಚೂರು ಉಬ್ಬಿದೆ, ನನ್ನ ಕಿರುಬೆರಳ ಉಗುರಿನಷ್ಟು. ಮುಂದೆ ಹೋದರೆ ಮತ್ತೆ ಅದೇ ಉಬ್ಬು ಬರುತ್ತದೆ.

ಠಾಣೆಗೆ ಅಪ್ಪ ಹೋಗಿ ಬಂದರು. ಅರ್ಜಿ ಬರೆದು ಕೊಡಿ, ಸಂಜೆ ಯಾರನ್ನಾದರೂ ಕಳಿಸುತ್ತೇವೆ ಅಂದರಂತೆ. ಇಲ್ಲಿ ನೋಡಿದರೆ ಪಡುವಣದಲ್ಲಿ ಮೋಡ ಕಟ್ಟಿದೆ.

ಇದಕ್ಕಿಂತ ದೊಡ್ಡ ಚಿಂತೆ ಇನ್ನೊಂದಿದೆ. ನಮ್ಮ ಊರಲ್ಲೇ ಒಬ್ಬರದು ಛೋಟಾ ಹಾಥಿ (ಟಾಟಾ ಏಸ್, ಸಾಮಾನು ಸಾಗಿಸುವ ಚಿಕ್ಕ ಗಾಡಿ) ಇದೆ. ಕಾಕಾ ಅವರ ಮನೆ ಮುಂದೆ ಹೋಗಿ ಟೈರ್ ನೋಡಿ ಬಂದರು. "ಅದೇ ಹಾವಿನ ಗೆರೆ, ಅವನೇ ಒಯ್ದಿದ್ದಾನೆ" ಅಂತ ಓಣಿಯಲ್ಲಿ ಕೂಗಾಡುತ್ತಿದ್ದಾರೆ. ಆ ಮನೆಯ ಮಗಳು ನನ್ನ ಜೊತೆ ಓದಿದವಳು. ಕಳೆದ ವರ್ಷ ಅಪ್ಪನನ್ನು ನಡುರಾತ್ರಿ ಗದಗಿನ ಆಸ್ಪತ್ರೆಗೆ ಮುಟ್ಟಿಸಿದ್ದು ಅದೇ ಗಾಡಿ. ನನಗೆ ನಂಬೋಕೆ ಆಗುತ್ತಿಲ್ಲ, ಆದರೆ ಕಾಕಾನಿಗೆ ಹೇಳೋಕೂ ಮಾತಿಲ್ಲ.

ಗೆರೆ ನೋಡಿ ಗಾಡಿ ಯಾವುದು ಅಂತ ಹೇಳಬಹುದಾ? ಮಳೆ ಬರೋ ಮೊದಲು ನಾನೇನು ಮಾಡಲಿ?

ಟೈರ್ ಕೆಲಸದವ, ಹುಬ್ಬಳ್ಳಿ
ಬೆಳಗ್ಗೆ 9:05

ತಂಗೀ, ಮೊದಲು ಜಾಡು ಮುಚ್ಚು, ಆಮೇಲೆ ಉಳಿದದ್ದು ಓದು.

ತಾಡಪತ್ರಿ ನೇರವಾಗಿ ಜಾಡಿನ ಮೇಲೆ ಹಾಸಬೇಡ. ಹಸಿ ಎರೆ ಮಣ್ಣು ಅದಕ್ಕೆ ಅಂಟಿ ಕಿತ್ತು ಬರುತ್ತದೆ. ಜಾಡಿನ ಎರಡೂ ಬದಿ ಒಂದು ಗೇಣು ದೂರದಲ್ಲಿ ಕಲ್ಲೋ ಇಟ್ಟಿಗೆಯೋ ಇಡು. ಅದರ ಮೇಲೆ ಅಡ್ಡ ಕಟ್ಟಿಗೆ, ಅದರ ಮೇಲೆ ತಾಡಪತ್ರಿ. ಮೇಲಿನ ಕಡೆಯಿಂದ ನೀರು ಹರಿದು ಬರದ ಹಾಗೆ ಸಲಿಕೆಯಿಂದ ಸಣ್ಣ ಒಡ್ಡು ಎಳೆ. ದನ, ನಾಯಿ, ಜನ ಯಾರೂ ಆ ಕಡೆ ಹಾಯಬಾರದು. ಉದ್ದ ಜಾಡೆಲ್ಲ ಮುಚ್ಚೋಕೆ ಆಗದಿದ್ದರೆ ಅರ್ಧಚಂದ್ರ ಇರುವ ಜಾಗಗಳನ್ನಾದರೂ ಮುಚ್ಚು.

ಅಷ್ಟು ಮಾಡಿ ಹೇಳು. ಮುಂದಿನದು ಬರೆಯುತ್ತೇನೆ.

ವಕೀಲಿ ವೃತ್ತಿ, ಗದಗ
ಬೆಳಗ್ಗೆ 9:30

ಅರ್ಜಿ ಕೊಟ್ಟು ಸುಮ್ಮನೆ ಕೂರಬೇಡಿ, ಎಫ್‌ಐಆರ್ ಮಾಡಿಸಿ. ಬಿಎನ್‌ಎಸ್‌ಎಸ್ (ಹಳೆ ಸಿಆರ್‌ಪಿಸಿ ಬದಲು ಬಂದ ಕಾನೂನು) 173ನೇ ಕಲಂ ಪ್ರಕಾರ ಕಳವಿನ ದೂರು ದಾಖಲಿಸಲೇಬೇಕು, ಪ್ರತಿ ನಿಮಗೆ ಪುಕ್ಕಟೆ ಕೊಡಬೇಕು. ಮಾಡದಿದ್ದರೆ ಅದೇ ಕಲಮಿನ ಕೆಳಗೆ ಎಸ್‌ಪಿಗೆ ಬರೆದು ಕಳಿಸುವ ಹಕ್ಕಿದೆ. 112ಕ್ಕೂ ಈಗಲೇ ಫೋನ್ ಮಾಡಿ, "ಮಳೆ ಬಂದರೆ ಸಾಕ್ಷ್ಯ ಹೋಗುತ್ತದೆ" ಅನ್ನೋ ಮಾತನ್ನು ಸ್ಪಷ್ಟವಾಗಿ ಹೇಳಿ. ಸೋಕೋ ತಂಡ ಕಳಿಸಿ ಅಂತ ಕೇಳಿ. ಅಪರಾಧ ನಡೆದ ಜಾಗದಲ್ಲಿ ಸಾಕ್ಷ್ಯ ತೆಗೆಯೋದೇ ಅವರ ಕೆಲಸ.

ಒಂದು ವಿಷಯ ಮೊದಲೇ ತಿಳಿದಿರಲಿ. 2024ರ ಜುಲೈ 1ರಿಂದ ಬಂದ ಹೊಸ ಕಾನೂನಿನಲ್ಲಿ ಫೊರೆನ್ಸಿಕ್ ತಜ್ಞರು ಜಾಗಕ್ಕೆ ಬರಬೇಕು ಅನ್ನೋ ಮಾತಿದೆ. ಆದರೆ ಅದು 7 ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆಯ ಅಪರಾಧಗಳಿಗೆ. ಬಯಲು ಕಣದ ಕಳವು ಬಿಎನ್‌ಎಸ್ (ಹಳೆ ಐಪಿಸಿ ಬದಲು ಬಂದ ಕಾನೂನು) 303ಕ್ಕೆ ಬರುತ್ತದೆ, ಅದಕ್ಕೆ 3 ವರ್ಷದವರೆಗೆ ಶಿಕ್ಷೆ. ಹಾಗಾಗಿ ನೀವು ಕೇಳಿಕೊಳ್ಳಬೇಕು, ತಾನಾಗಿ ಯಾರೂ ಬರೋದಿಲ್ಲ.

ನಿಮ್ಮ ಫೋನಿನ ಫೋಟೊ ಕೋರ್ಟಿಗೆ ಬರಬಹುದು. ಅದಕ್ಕೆ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು. ಮೂಲ ಫೋಟೊ ಅದೇ ಫೋನಿನಲ್ಲಿ ಇರಲಿ, ಅಳಿಸಬೇಡಿ, ತಿದ್ದಬೇಡಿ. ವಾಟ್ಸಾಪಿನಲ್ಲಿ ಫೋಟೊ ಥರ ಕಳಿಸಿದರೆ ಅದು ಚಿಕ್ಕದಾಗಿ ಬಿಡುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ.

ಮತ್ತೆ ಕಾಕಾ ಅವರನ್ನು ದಯವಿಟ್ಟು ತಡೆಯಿರಿ. ಓಣಿಯಲ್ಲಿ ಹೆಸರು ಹಿಡಿದು ಕಳ್ಳ ಅಂದರೆ ಮಾನಹಾನಿ ಕೇಸು ಅವರ ಮೇಲೇ ಬರುತ್ತದೆ. ಅನುಮಾನ ಇದ್ದರೆ ಪೊಲೀಸರ ಮುಂದೆ ಹೇಳಲಿ, ಅದಕ್ಕೆ ಅಡ್ಡಿ ಇಲ್ಲ.

ಟೈರ್ ಕೆಲಸದವ, ಹುಬ್ಬಳ್ಳಿ
ಬೆಳಗ್ಗೆ 10:10

ಈಗ ಫೋಟೊ ಮತ್ತು ಅಳತೆ. ಮನೆಯಲ್ಲಿ ಸ್ಟೀಲ್ ಟೇಪ್ ಇದ್ದರೆ ತಗೊಂಡು ಹೋಗು.

ಮೊದಲು ದೂರದಿಂದ ತೆಗೆ. ಕಣ, ದಾರಿ, ಬೇವಿನ ಮರ ಏನಿದೆಯೋ ಎಲ್ಲಾ ಒಂದೇ ಫೋಟೊದಲ್ಲಿ ಬರಲಿ. ಆಮೇಲೆ ಹತ್ತಿರ ಬಾ. ಹತ್ತಿರದ ಫೋಟೊ ತೆಗೆಯುವಾಗ ಫೋನು ಜಾಡಿನ ನೆತ್ತಿಯ ಮೇಲೆ ನೆಲಕ್ಕೆ ಸಮವಾಗಿ ಇರಬೇಕು. ಓರೆಯಾಗಿ ಹಿಡಿದರೆ ಅಳತೆ ಕೆಡುತ್ತದೆ. ಟೇಪನ್ನು ಜಾಡಿನ ಪಕ್ಕ, ಜಾಡಿನ ತಳದಷ್ಟೇ ಆಳದಲ್ಲಿ ಇಡು. ನೆಲದ ಮೇಲೆ ಎತ್ತರದಲ್ಲಿ ಇಟ್ಟರೆ ಲೆಕ್ಕ ತಪ್ಪುತ್ತದೆ. ಒಂದೊಂದು ಅಡಿಗೆ ಒಂದು ಫೋಟೊ, ಹಿಂದಿನ ಫೋಟೊದ ಸ್ವಲ್ಪ ಭಾಗ ಮುಂದಿನದರಲ್ಲಿ ಸೇರಬೇಕು.

ಬೆಳಕೇ ಮುಖ್ಯ. ನೆತ್ತಿ ಬಿಸಿಲಲ್ಲಿ ಎಲ್ಲಾ ಚಪ್ಪಟೆ ಕಾಣುತ್ತದೆ. ಯಾರಾದರೂ ಕೊಡೆ ಹಿಡಿದು ನೆರಳು ಮಾಡಲಿ. ನೀನು ಬ್ಯಾಟರಿಯನ್ನು ನೆಲಕ್ಕೆ ತಾಗುವಷ್ಟು ಕೆಳಗೆ ಹಿಡಿದು ಓರೆ ಬೆಳಕು ಬಿಡು. ಒಮ್ಮೆ ಎಡದಿಂದ, ಒಮ್ಮೆ ಬಲದಿಂದ, ಮುಂದಿನಿಂದ, ಹಿಂದಿನಿಂದ. ಒಂದು ಕಡೆಯಿಂದ ಕಾಣದ ಗಾಯ ಇನ್ನೊಂದು ಕಡೆಯಿಂದ ಎದ್ದು ಕಾಣುತ್ತದೆ. ಗಾಳಿಗೆ ಬಿದ್ದ ಎಲೆ ಇದ್ದರೆ ಮೆಲ್ಲಗೆ ತೆಗೆ. ಟೈರಿನ ಕೆಳಗೆ ಸಿಕ್ಕು ಮಣ್ಣಲ್ಲಿ ಒತ್ತಿ ಹೋದ ಕಡ್ಡಿಯನ್ನು ಮುಟ್ಟಬೇಡ.

ಇನ್ನು ನೀನು ಕೇಳಿದ ಪ್ರಶ್ನೆ. ನಾನು ಹುಬ್ಬಳ್ಳಿಯಲ್ಲಿ 27 ವರ್ಷದಿಂದ ರಿಟ್ರೆಡಿಂಗ್ ಕೆಲಸ ಮಾಡುತ್ತಿದ್ದೇನೆ. ಸವೆದ ಟೈರಿನ ಮೇಲಿನ ಹಳೆ ರಬ್ಬರ್ ಉಜ್ಜಿ ತೆಗೆದು ಹೊಸ ಪಟ್ಟಿ ಕೂರಿಸೋದು. ದಿನಕ್ಕೆ ಎಷ್ಟೋ ಟೈರ್ ಈ ಕೈ ಮೇಲೆ ಹಾಯುತ್ತವೆ. ನಿನ್ನ ಕಾಕಾ ಅವರಿಗೆ ನಾನು ಹೇಳಿದೆ ಅಂತ ಹೇಳು: ಗೆರೆ ಒಂದೇ ಇದ್ದ ಮಾತ್ರಕ್ಕೆ ಗಾಡಿ ಒಂದೇ ಆಗೋದಿಲ್ಲ.

ನಮ್ಮಲ್ಲಿಗೆ ಪಟ್ಟಿ ರಬ್ಬರ್ ಸುರುಳಿ ಸುತ್ತಿ ಬರುತ್ತದೆ. ಗೆರೆ ಅದರ ಮೇಲೆ ಮೊದಲೇ ಮೂಡಿರುತ್ತದೆ. ಅದೇ ಸುರುಳಿಯಿಂದ ಬೆಳಗ್ಗೆ ಗದಗಿನ ಗಾಡಿಗೆ, ಮಧ್ಯಾಹ್ನ ಶಿಗ್ಗಾಂವಿ ಗಾಡಿಗೆ, ಸಂಜೆ ನವಲಗುಂದದ ಗಾಡಿಗೆ ಕತ್ತರಿಸಿ ಹಾಕುತ್ತೇನೆ. ಒಳಗಿನ ಟೈರ್ ಮೂರು ಬೇರೆ ಬೇರೆ ಕಂಪನಿಯದು, ಹೊರಗಿನ ಗೆರೆ ಒಂದೇ. ಹೊಸ ಟೈರೂ ಅಷ್ಟೇ. ಒಂದು ಅಚ್ಚಿನಿಂದ ಸಾವಿರಾರು ಇಳಿಯುತ್ತವೆ. ಹಾವಿನ ಗೆರೆ ಅಂತೂ ಚಿಕ್ಕ ಗಾಡಿ, ಪಿಕಪ್, ಲಾರಿಯ ಮುಂದಿನ ಗಾಲಿ, ಎಲ್ಲದರಲ್ಲೂ ಇದೆ. ಮಣ್ಣಲ್ಲಿ ಅರ್ಧ ಅಂಚು ನೋಡಿದವರಿಗೆ ಎಲ್ಲಾ ಒಂದೇ ಥರ ಕಾಣುತ್ತದೆ.

ಗಾಡಿ ಗಾಡಿಗೆ ವ್ಯತ್ಯಾಸ ತೋರಿಸೋದು ಎರಡು. ಒಂದು ಅಳತೆ, ಇನ್ನೊಂದು ಗಾಯ. ನಿನ್ನ ಅರ್ಧಚಂದ್ರ ಒಂದು ಗಾಯ. ಮಣ್ಣಲ್ಲಿ ಉಬ್ಬಿದೆ ಅಂದರೆ ಟೈರಿನಲ್ಲಿ ಅಷ್ಟು ರಬ್ಬರ್ ಚೂರು ಕಿತ್ತು ಹೋಗಿದೆ. ಕಲ್ಲು ಕೊರೆದಿರಬೇಕು. ಅದು ಗಾಲಿ ಒಂದು ಸುತ್ತು ಹಾಕಿದಾಗ ಒಮ್ಮೆ ನೆಲ ಮುಟ್ಟುತ್ತದೆ. ಅಂದರೆ ಒಂದು ಅರ್ಧಚಂದ್ರದಿಂದ ಮುಂದಿನ ಅರ್ಧಚಂದ್ರಕ್ಕೆ ಎಷ್ಟು ದೂರವೋ ಅದೇ ಆ ಟೈರಿನ ಸುತ್ತಳತೆ. ಒಂದು ಸುತ್ತು ಅಳೆದರೆ ತಪ್ಪಾಗಬಹುದು. ನೇರ ಹೋದ ಜಾಗ ನೋಡಿ ಮೂರು ನಾಲ್ಕು ಸುತ್ತು ಒಟ್ಟಿಗೆ ಅಳೆ, ಆಮೇಲೆ ಭಾಗಿಸು.

ನಿನ್ನ ಗೆಳತಿಯ ಮನೆಯವರು ಒಪ್ಪಿದರೆ ಅವರ ಗಾಡಿಯ ಟೈರಿನ ಪಕ್ಕದಲ್ಲಿ ಬರೆದ ಅಂಕಿ ಓದಿ ಕಳಿಸು. ಟೈರ್ ಮುಟ್ಟೋದು ಬೇಡ, ಅಂಕಿ ಮಾತ್ರ.

ಎರೆಹೊಲದ ಹುಡುಗಿ, ರೋಣ ತಾಲ್ಲೂಕು
ಬೆಳಗ್ಗೆ 11:35

ಅಣ್ಣಾರೆ, ನೀವು ಹೇಳಿದ ಹಾಗೇ ಮುಚ್ಚಿದ್ದೇವೆ. ಅವ್ವ ಪುಟ್ಟಿ ಬೋರಲು ಹಾಕಿ ಮೇಲೆ ಕಲ್ಲು ಇಟ್ಟು ಎರಡು ಅರ್ಧಚಂದ್ರ ಕಾಯುತ್ತಾ ಕೂತಿದ್ದಾರೆ. ಒಟ್ಟು 64 ಫೋಟೊ ತೆಗೆದೆ. ವಕೀಲ ಮೇಡಂ ಹೇಳಿದ ಹಾಗೆ 112ಕ್ಕೂ ಫೋನ್ ಮಾಡಿದೆ.

ಅಳತೆ: ಐದು ಅರ್ಧಚಂದ್ರ ಸಿಕ್ಕವು. ಮೊದಲನೆಯದರಿಂದ ಐದನೆಯದಕ್ಕೆ, ಅಂದರೆ ನಾಲ್ಕು ಸುತ್ತಿಗೆ, 28 ಅಡಿ 7 ಇಂಚು. ಕಾಕಾನೇ ಟೇಪಿನ ಆ ತುದಿ ಹಿಡಿದಿದ್ದರು.

ಗೆಳತಿ ತಾನೇ ಟೈರ್ ನೋಡಿ ಫೋಟೊ ಕಳಿಸಿದಳು, ಅಳುತ್ತಿದ್ದಳು. ನಾಲ್ಕೂ ಗಾಲಿಯಲ್ಲಿ 145 ಆರ್ 12 ಅಂತ ಇದೆ.

ಟೈರ್ ಕೆಲಸದವ, ಹುಬ್ಬಳ್ಳಿ
ಮಧ್ಯಾಹ್ನ 12:00

ತಂಗೀ, ಹಾಗಾದರೆ ಇದನ್ನು ಕಾಕಾ ಅವರಿಗೆ ಜೋರಾಗಿ ಓದಿ ಹೇಳು.

28 ಅಡಿ 7 ಇಂಚನ್ನು ನಾಲ್ಕರಿಂದ ಭಾಗಿಸಿದರೆ ಹತ್ತಿರ ಹತ್ತಿರ 7 ಅಡಿ 2 ಇಂಚು. ಅಂದರೆ ಸುಮಾರು 218 ಸೆಂಟಿಮೀಟರ್. ಛೋಟಾ ಹಾಥಿಯ 145 ಆರ್ 12 ಟೈರಿನ ಸುತ್ತಳತೆ ಸುಮಾರು 170 ಸೆಂಟಿಮೀಟರ್, 5 ಅಡಿ 7 ಇಂಚು. ಒಂದೂವರೆ ಅಡಿಗಿಂತ ಜಾಸ್ತಿ ಅಂತರ. ಆ ಗಾಡಿಯ ಟೈರು ಈ ಜಾಡು ಮಾಡಿಲ್ಲ.

"ಟೈರ್ ಬದಲಿಸಿರಬಹುದು" ಅಂತ ಕಾಕಾ ಕೇಳಬಹುದು. 12 ಅಂದರೆ ರಿಮ್ 12 ಇಂಚಿನದು. ಅದರ ಮೇಲೆ ಇಷ್ಟು ದೊಡ್ಡ ಟೈರ್ ಕೂರೋದಿಲ್ಲ. ರಿಮ್ ಸಮೇತ ಬದಲಿಸಿದರೂ ಆ ಗಾಡಿಯ ಮಡ್‌ಗಾರ್ಡಿನೊಳಗೆ ಅದು ಹಿಡಿಸೋದಿಲ್ಲ.

"ಹಸಿ ಮಣ್ಣಲ್ಲಿ ಗಾಲಿ ಜಾರಿರಬಹುದು" ಅಂತಲೂ ಕೇಳಬಹುದು. ಅದು ನ್ಯಾಯವಾದ ಪ್ರಶ್ನೆ. ಆದರೆ ಎಂಜಿನ್ ಎಳೆಯುವ ಗಾಲಿ ಮಣ್ಣಲ್ಲಿ ಜಾರಿದರೆ ಹೆಚ್ಚು ಸುತ್ತಿ ಕಡಿಮೆ ದೂರ ಹೋಗುತ್ತದೆ. ಅಳತೆ ಕಮ್ಮಿ ಬರಬೇಕು, ಜಾಸ್ತಿ ಅಲ್ಲ. ಜಾಸ್ತಿ ಬರಬೇಕಾದರೆ ಬ್ರೇಕ್ ಹಿಡಿದು ಗಾಲಿ ತಿರುಗದೆ ಎಳೆದುಕೊಂಡು ಹೋಗಿರಬೇಕು. ಆಗ ಗೆರೆ ಒರೆಸಿ ಹೋಗುತ್ತಿತ್ತು. ನೀನು ಕೆತ್ತಿದ ಹಾಗೆ ಸ್ವಚ್ಛ ಇದೆ ಅಂತ ಬರೆದಿದ್ದೀಯ, ಐದು ಸಲ ಅದೇ ಅರ್ಧಚಂದ್ರ ಬಂದಿದೆ.

ಹಾಗಾದರೆ ಯಾವ ಟೈರು? ಲೆಕ್ಕ ನೀನೇ ಮಾಡಿ ನೋಡಬಹುದು. 215/75 ಆರ್ 15 ಅನ್ನೋ ಸೈಜು ತಗೋ. ಮೊದಲ ಅಂಕಿ ಅಗಲ, 215 ಮಿಲಿಮೀಟರ್. 75 ಅಂದರೆ ಆ ಅಗಲದ ನೂರಕ್ಕೆ 75ರಷ್ಟು ಗೋಡೆಯ ಎತ್ತರ, ಅಂದರೆ 161. ಮೇಲೊಂದು ಕೆಳಗೊಂದು ಸೇರಿ 322. ರಿಮ್ 15 ಇಂಚು ಅಂದರೆ 381. ಒಟ್ಟು ಎತ್ತರ 703. ಅದನ್ನು 3.14ರಿಂದ ಗುಣಿಸಿದರೆ 2207 ಮಿಲಿಮೀಟರ್, 7 ಅಡಿ 3 ಇಂಚಿಗೆ ಹತ್ತಿರ. ಭಾರ ಬಿದ್ದಾಗ ಟೈರ್ ಸ್ವಲ್ಪ ಕೂರುತ್ತದೆ, ಇಂಚು ಕಡಿಮೆಯಾಗುತ್ತದೆ. ನಿನ್ನ ಅಳತೆ ಅಲ್ಲಿಗೇ ಬರುತ್ತದೆ. ಬೊಲೆರೋದಂಥ ಗಾಡಿಗಳಿಗೆ, ಕೆಲವು ಪಿಕಪ್‌ಗಳಿಗೆ ಈ ಸೈಜು ಬರುತ್ತದೆ. ಹತ್ತಿರದ ಬೇರೆ ಸೈಜುಗಳೂ ಇವೆ, ಹಾಗಾಗಿ ಇದೇ ಅಂತ ನಾನು ಆಣೆ ಹಾಕೋದಿಲ್ಲ. ಮತ್ತೆ ಈ ಸೈಜಿನ ಗಾಡಿ ಇಟ್ಟುಕೊಂಡ ಇನ್ನೊಬ್ಬರ ಮನೆ ಮುಂದೆ ಈಗ ಕಾಕಾ ಹೋಗಿ ನಿಲ್ಲೋದು ಬೇಡ.

ಇನ್ನೊಂದು ಕೆಲಸ ಉಳಿದಿದೆ. ಗಾಡಿ ತಿರುವು ತಗೊಂಡ ಜಾಗ ಹುಡುಕು. ನೇರ ಹೋದಾಗ ಹಿಂದಿನ ಗಾಲಿ ಮುಂದಿನ ಗಾಲಿಯ ಜಾಡನ್ನು ತುಳಿದು ಅಳಿಸುತ್ತದೆ. ತಿರುವಿನಲ್ಲಿ ಹಿಂದಿನ ಗಾಲಿ ಒಳಗೆ ಸರಿಯುತ್ತದೆ, ನಾಲ್ಕೂ ಜಾಡು ಬೇರೆ ಬೇರೆ ಸಿಗುತ್ತವೆ. ಕಣದಲ್ಲಿ ಅವರು ಗಾಡಿ ತಿರುಗಿಸಿಯೇ ಇರಬೇಕು ಅಲ್ವಾ? ಅಲ್ಲಿ ಎಡ ಬಲ ಗಾಲಿಗಳ ನಡುವಿನ ಅಂತರ, ನಡುಮಧ್ಯದಿಂದ ನಡುಮಧ್ಯಕ್ಕೆ ಅಳೆ. ಬಂದ ಜಾಡು, ಹೋದ ಜಾಡು ಒಂದರ ಮೇಲೊಂದು ಬಿದ್ದಿದ್ದರೆ ಮೇಲಿರೋದೇ ಹೋಗುವಾಗಿನದು. ಒಂದೇ ನೆಲದಲ್ಲಿ ಅದು ಜಾಸ್ತಿ ಆಳ ಕೂತಿದ್ದರೆ ಚೀಲ ತುಂಬಿ ಹೋದ ಲೆಕ್ಕ.

ನಿವೃತ್ತ, ಧಾರವಾಡ
ಮಧ್ಯಾಹ್ನ 1:15

ಹುಬ್ಬಳ್ಳಿಯ ಅಣ್ಣ ಹೇಳಿದ್ದು ಎಲ್ಲವೂ ಸರಿ. ನಾನು ಫೊರೆನ್ಸಿಕ್ ಲ್ಯಾಬಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಎರಡು ಮೂರು ಮಾತು ಸೇರಿಸುತ್ತೇನೆ.

ಜಾಡಿನ ಹೋಲಿಕೆಯಲ್ಲಿ "ಇದಲ್ಲ" ಅನ್ನೋದು ಸುಲಭ, "ಇದೇ" ಅನ್ನೋದು ಕಷ್ಟ. ಸುತ್ತಳತೆ ಕೂಡದಿದ್ದರೆ, ಗೆರೆ ಕೂಡದಿದ್ದರೆ ಅಲ್ಲಿಗೆ ಮುಗಿಯಿತು. ಕೂಡಿದರೆ ಆ ಸೈಜಿನ, ಆ ಗೆರೆಯ ಎಲ್ಲಾ ಟೈರೂ ಇನ್ನೂ ಲೆಕ್ಕದಲ್ಲಿವೆ. ಅದರಲ್ಲಿ ಒಂದನ್ನು ಬೆರಳಿಟ್ಟು ತೋರಿಸಬೇಕಾದರೆ ಗಾಯಗಳು ಬೇಕು. ಕೊಯ್ತ, ಕಿತ್ತ ಚೂರು, ಸಿಕ್ಕ ಕಲ್ಲು, ಒಂದೇ ಬದಿ ಸವೆದ ಅಂಚು. ಅವು ಎಷ್ಟಿವೆ, ಯಾವ ಜಾಗದಲ್ಲಿವೆ, ಒಂದಕ್ಕೊಂದು ಎಷ್ಟು ದೂರ, ಎಲ್ಲಾ ಕೂಡಬೇಕು. ಒಂದೇ ಅರ್ಧಚಂದ್ರ ಸಾಲದು, ಇನ್ನೂ ಹುಡುಕಿ. ಅಮೆರಿಕದ ನ್ಯಾಷನಲ್ ಅಕಾಡೆಮಿ ಆಫ್ ಸೈನ್ಸಸ್ 2009ರಲ್ಲಿ ಫೊರೆನ್ಸಿಕ್ ಬಗ್ಗೆ ದೊಡ್ಡ ವರದಿ ಕೊಟ್ಟಿತು. ಟೈರ್ ಮತ್ತು ಬೂಟಿನ ಗುರುತಿನ ಹೋಲಿಕೆ ಬಹಳಷ್ಟು ತಜ್ಞನ ಅನುಭವದ ಮೇಲೆ ನಿಂತಿದೆ ಅಂತ ಅದರಲ್ಲಿ ಎಚ್ಚರಿಸಿದ್ದಾರೆ. ನಾನು ಆ ಎಚ್ಚರವನ್ನು ಗೌರವಿಸುತ್ತೇನೆ. ಒಬ್ಬ ಮನುಷ್ಯ ಜೈಲಿಗೆ ಹೋಗುವ ಮಾತು ಅದು.

ಅಚ್ಚು ತೆಗೆಯೋದು ಪೊಲೀಸರು ಬಂದ ಮೇಲೆ, ಪಂಚರ ಮುಂದೆ ಆಗಲಿ. ಮಳೆ ಬಂದೇ ಬಿಟ್ಟರೆ ಫೋಟೊ ಇದೆಯಲ್ಲ. ಅವರು ಬರುವಾಗ ಡೆಂಟಲ್ ಸ್ಟೋನ್ ತರಲಿ ಅಂತ ಹೇಳಿ. ಹಲ್ಲಿನ ಡಾಕ್ಟರು ಹಲ್ಲಿನ ಅಚ್ಚಿಗೆ ಬಳಸುವ ಪುಡಿ, ಹಲ್ಲಿನ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಬಣ್ಣದ ಅಂಗಡಿಯ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಬೇಡ. ನನ್ನ ಮೊದಲ ವರ್ಷಗಳಲ್ಲಿ ಪಿಒಪಿಯಿಂದ ತೆಗೆದ ಅಚ್ಚು ತೊಳೆಯುವಾಗ ಮಣ್ಣಿನ ಜೊತೆ ಅದರ ಮೈಯೂ ಕರಗಿ ಹೋದದ್ದು ಕಣ್ಣಾರೆ ನೋಡಿದ್ದೇನೆ. ಸಣ್ಣ ಗಾಯಗಳೇ ಮೊದಲು ಹೋಗುತ್ತವೆ.

ಸುಮಾರು 900 ಗ್ರಾಂ ಪುಡಿಗೆ 350 ಮಿಲಿಲೀಟರ್ ನೀರು. ಗಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಎರಡು ಮೂರು ನಿಮಿಷ ಚೆನ್ನಾಗಿ ಹಿಸುಕಬೇಕು. ದೋಸೆ ಹಿಟ್ಟಿನ ಹದ ಬರಬೇಕು. ನೇರವಾಗಿ ಗೆರೆಯ ಮೇಲೆ ಸುರಿಯಬಾರದು. ಪಕ್ಕದ ನೆಲದ ಮೇಲೆ ಸುರಿದು ತಾನಾಗಿ ಜಾಡಿನೊಳಗೆ ಹರಿಯೋಕೆ ಬಿಡಬೇಕು. ಗಟ್ಟಿಯಾಗುವ ಮೊದಲು ಬೆನ್ನಿನ ಮೇಲೆ ತಾರೀಖು, ಜಾಗ, ಉತ್ತರ ದಿಕ್ಕಿನ ಬಾಣ ಗೀಚಬೇಕು. ಕನಿಷ್ಠ ಅರ್ಧ ಗಂಟೆ ಬಿಟ್ಟು ಎತ್ತಬೇಕು, ಹಸಿ ನೆಲದಲ್ಲಿ ಇನ್ನೂ ಜಾಸ್ತಿ ಹೊತ್ತು. ಮೆತ್ತಿಕೊಂಡ ಮಣ್ಣು ಕೀಳಬಾರದು. ಅದು ಎರಡು ದಿನ ಒಣಗಿದ ಮೇಲೆ ಲ್ಯಾಬಿನವರ ಕೆಲಸ. ಎರೆ ಮಣ್ಣಿನಲ್ಲಿ ಒಂದು ತೊಡಕಿದೆ. ಒಣಗುತ್ತಾ ಕುಗ್ಗಿ ಬಿರುಕು ಬಿಡುತ್ತದೆ, ಬಿರುಕು ನೇರ ಜಾಡಿನ ನಡುವೆ ಹಾಯುತ್ತದೆ. ಮಳೆ ಬರದಿದ್ದರೂ ನಾಳೆಯವರೆಗೆ ಕಾಯೋ ಹಾಗಿಲ್ಲ.

ಬಹಳ ಜನ ತಪ್ಪುವುದು ಇಲ್ಲಿ: ನೆಲದ ಜಾಡು ಟೈರಿನ ಕನ್ನಡಿ ಬಿಂಬ. ಎಡದ ಗಾಯ ಬಲಕ್ಕೆ ಕಾಣುತ್ತದೆ. ಜಾಡಿನ ಫೋಟೊ ಮತ್ತು ಟೈರಿನ ಫೋಟೊ ಪಕ್ಕ ಪಕ್ಕ ಇಟ್ಟು "ಕೂಡುತ್ತೆ" ಅನ್ನೋರು ತಿರುಗಿಸೋದನ್ನೇ ಮರೆಯುತ್ತಾರೆ. ಅಚ್ಚು ತೆಗೆದರೆ ಆ ಗೊಂದಲ ಇಲ್ಲ, ಅದು ಟೈರಿನಂತೆಯೇ ಇರುತ್ತದೆ.

ಗಾಡಿ ಸಿಕ್ಕರೆ ಟೈರನ್ನು ಬಿಚ್ಚಿ ತರಬಾರದು. ಗಾಡಿಯಲ್ಲಿ ಇದ್ದಂತೆಯೇ, ಭಾರ ಇಟ್ಟು, ಮಸಿ ಬಳಿದು ಉದ್ದ ಹಾಳೆಯ ಮೇಲೆ ಪೂರ್ತಿ ಒಂದು ಸುತ್ತು ಉರುಳಿಸಿ ಗುರುತು ತೆಗೆಯಬೇಕು. ಯಾಕೆಂದರೆ ಜಾಡಿನಲ್ಲಿ ಸಿಕ್ಕಿರೋದು ಸುತ್ತಿನ ಯಾವ ಭಾಗ ಅಂತ ಮೊದಲೇ ಗೊತ್ತಿರೋದಿಲ್ಲ. ಮತ್ತೆ ಟೈರ್ ಓಡಿದಷ್ಟೂ ಸವೆಯುತ್ತದೆ, ಹಳೆ ಗಾಯ ಮಾಯುತ್ತದೆ, ಹೊಸದು ಬೀಳುತ್ತದೆ. ತಿಂಗಳುಗಟ್ಟಲೆ ಬಿಟ್ಟು ಹಿಡಿದರೆ ಏನೂ ಹೇಳೋಕೆ ಆಗದೆ ಹೋಗಬಹುದು.

ಧಾರವಾಡದಲ್ಲಿ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ಸಿಗೆ 2023ರ ಜನವರಿ 28ರಂದು ಅಡಿಗಲ್ಲು ಹಾಕಿದಾಗ ನನಗೆ ಬಹಳ ಸಂತೋಷವಾಗಿತ್ತು. ನಮ್ಮ ಕಡೆಯ ಹುಡುಗ ಹುಡುಗಿಯರು ನಮ್ಮ ಮಣ್ಣಿನಲ್ಲೇ ಇದನ್ನು ಕಲಿಯಬೇಕು. ಎರೆ ಮಣ್ಣಿನ ಗುಣ ಪುಸ್ತಕದಲ್ಲಿ ಓದಿದರೆ ಕೈಗೆ ಹತ್ತೋದಿಲ್ಲ.

ಹಾನಗಲ್ ರೈತ
ಮಧ್ಯಾಹ್ನ 2:40

ನಡುವೆ ಕೇಳುತ್ತಿದ್ದೇನೆ, ತಪ್ಪು ತಿಳಿಯಬೇಡಿ. ಕಳೆದ ವಾರ ನಮ್ಮ ಬದುವಿನ ಮೇಲೆ ಯಾರೋ ಟ್ರ್ಯಾಕ್ಟರ್ ಹಾಯಿಸಿ ಪೈಪ್ ಒಡೆದಿದ್ದಾರೆ. ಹಿಂದಿನ ದೊಡ್ಡ ಗಾಲಿಯ ವಿ ಆಕಾರದ ಗುರುತು ಇದೆ. ಅದರಿಂದ ಯಾವ ಕಡೆ ಹೋಗಿದ್ದು ಅಂತ ತಿಳಿಯುತ್ತದಾ?

ಟೈರ್ ಕೆಲಸದವ, ಹುಬ್ಬಳ್ಳಿ
ಮಧ್ಯಾಹ್ನ 3:05

ಅಣ್ಣಾರೆ, ಟೈರ್ ಸರಿಯಾಗಿ ಕೂರಿಸಿದ್ದರೆ ವಿ ಅಕ್ಷರದ ಚೂಪು ತುದಿ ಮೊದಲು ನೆಲ ಮುಟ್ಟುತ್ತದೆ, ಕೈಗಳು ಆಮೇಲೆ. ಹಾಗಾಗಿ ನೆಲದ ಮೇಲೆ ವಿ ಬಾಯಿ ತೆರೆದ ಕಡೆಗೆ ಟ್ರ್ಯಾಕ್ಟರಿನ ಮುಖ. ಚೂಪು ತುದಿ ಹಿಂದಕ್ಕೆ. ಜನ ಬಾಣದ ಗುರುತು ಅಂದುಕೊಂಡು ಉಲ್ಟಾ ಹೇಳುತ್ತಾರೆ. ಆದರೆ ಇದು ಮುಖ ಎತ್ತ ಇತ್ತು ಅಂತ ಮಾತ್ರ ಹೇಳುತ್ತದೆ. ರಿವರ್ಸ್ ಬಂದಿದ್ದರೂ ಗುರುತು ಹಾಗೇ ಮೂಡುತ್ತದೆ. ಮಣ್ಣು ಯಾವ ಕಡೆ ತಳ್ಳಿ ಗುಡ್ಡೆಯಾಗಿದೆ ಅಂತಲೂ ನೋಡಿ. ಎಳೆಯುವ ಗಾಲಿ ಮಣ್ಣನ್ನು ಹಿಂದಕ್ಕೆ ಒದೆಯುತ್ತದೆ.

ಎರೆಹೊಲದ ಹುಡುಗಿ, ರೋಣ ತಾಲ್ಲೂಕು
ಶನಿವಾರ ರಾತ್ರಿ 9:20

ಎಲ್ಲರಿಗೂ ಎರಡೂ ಕೈ ಎತ್ತಿ ನಮಸ್ಕಾರ.

4 ಗಂಟೆಗೆ ಠಾಣೆಯಿಂದ ಮೂವರು ಬಂದರು. ಅವರ ಜೊತೆ ಸೋಕೋ ಕೆಲಸದ ಒಬ್ಬ ಹುಡುಗಿಯೂ ಇದ್ದಳು, ನನ್ನದೇ ವಯಸ್ಸು ಇರಬೇಕು. ಪುಟ್ಟಿ ತೆಗೆದು ನೋಡಿ "ಯಾರು ಮುಚ್ಚಿದ್ದು ಇದನ್ನ?" ಅಂತ ಕೇಳಿದಳು. ಅವ್ವ ಹೆದರಿ ನನ್ನ ಕಡೆ ನೋಡಿದರು. "ಚೆನ್ನಾಗಿ ಮಾಡಿದ್ದೀರಿ ಅವ್ವಾ" ಅಂದಳು. ಪಂಚನಾಮೆ ಮಾಡಿದರು, ಅರ್ಧಚಂದ್ರ ಇರುವ ಒಂದೂವರೆ ಅಡಿ ಜಾಡಿನ ಅಚ್ಚು ತೆಗೆದರು. ಅಚ್ಚು ಎತ್ತಿ ಹತ್ತು ನಿಮಿಷಕ್ಕೆ ಹನಿ ಶುರುವಾಯಿತು. ಈಗ ಜೋರು ಮಳೆ. ಎಫ್‌ಐಆರ್ ಪ್ರತಿ ಕೈಯಲ್ಲಿದೆ.

ಲೆಕ್ಕ ಓದಿ ಹೇಳಿದಾಗ ಕಾಕಾ ಬಹಳ ಹೊತ್ತು ಸುಮ್ನೆ ಕೂತಿದ್ದರು. ಆಮೇಲೆ ಟೇಪ್ ತಗೊಂಡು ತಾವೇ ಛೋಟಾ ಹಾಥಿಯ ಟೈರಿಗೆ ಸುತ್ತಿ ನೋಡಿ ಬಂದರು. 5 ಅಡಿ 7 ಇಂಚೇ ಇತ್ತು. ಈಗ ಅವರ ಮನೆಯಲ್ಲೇ ಕೂತಿದ್ದಾರೆ, ಇನ್ನೂ ಬಂದಿಲ್ಲ.

ಅಣ್ಣಾರೆ, ನಿಮಗೆ ಒಂದು ಪ್ರಶ್ನೆ. ಅಚ್ಚು ತಿರುಗಿಸಿದಾಗ ಸೋಕೋ ಹುಡುಗಿಯ ಅನುಮತಿ ಕೇಳಿ ಫೋಟೊ ತೆಗೆದುಕೊಂಡೆ. ಅರ್ಧಚಂದ್ರದಿಂದ ಒಂದು ಗೇಣು ಆಚೆ, ಟೈರಿನ ಅಡ್ಡಕ್ಕೆ, ಕೂದಲೆಳೆಯಂಥ ನೇರ ಗೆರೆ ಇದೆ. ಬೆಳಗ್ಗೆ ಮಣ್ಣಲ್ಲಿ ಅದು ನನಗೆ ಕಂಡಿರಲೇ ಇಲ್ಲ. ಬಿರುಕು ಅಂದುಕೊಂಡೆ. ಆದರೆ ಬಿರುಕು ಅಷ್ಟು ನೇರ ಇರುತ್ತದಾ?

ಟೈರ್ ಕೆಲಸದವ, ಹುಬ್ಬಳ್ಳಿ
ರಾತ್ರಿ 9:45

ಆ ಗೆರೆಯ ಹತ್ತಿರ ಹಾವಿನ ಗೆರೆಯ ಬಳುಕುಗಳನ್ನು ಫೋಟೊದಲ್ಲೇ ಅಳೆ. ಸ್ಕೇಲ್ ಇಟ್ಟು ತೆಗೆದಿದ್ದೀಯ ಅಲ್ವಾ? ಒಂದೊಂದು ಬಳುಕು ಎಷ್ಟೆಷ್ಟು ಉದ್ದ ಇದೆ, ಆ ನೇರ ಗೆರೆ ಹಾಯುವ ಬಳುಕು ಎಷ್ಟಿದೆ, ಎರಡೂ ಹೇಳು.

ಎರೆಹೊಲದ ಹುಡುಗಿ, ರೋಣ ತಾಲ್ಲೂಕು
ರಾತ್ರಿ 10:10

ಉಳಿದವೆಲ್ಲ 42 ಮಿಲಿಮೀಟರ್. ಗೆರೆ ಹಾಯುವುದು ಒಂದು ಮಾತ್ರ 35.

ಟೈರ್ ಕೆಲಸದವ, ಹುಬ್ಬಳ್ಳಿ
ರಾತ್ರಿ 10:20

ಹಾಗಾದರೆ ಅದು ಬಿರುಕಲ್ಲ ತಂಗೀ, ಜಾಯಿಂಟು. ಆ ಟೈರ್ ರಿಟ್ರೆಡ್ ಮಾಡಿದ್ದು. ಪಟ್ಟಿಯನ್ನು ಸುತ್ತಿ ಎರಡು ತುದಿ ಕೂಡಿಸುವಾಗ ಗೆರೆ ಸರಿಯಾಗಿ ಕೂಡದಿದ್ದರೆ ಒಂದು ಬಳುಕು ಮೊಟಕಾಗುತ್ತದೆ. ಎಷ್ಟು ಮೊಟಕು ಅನ್ನೋದು ಆ ದಿನ ಕತ್ತರಿಸಿದ ಕೈ ಮೇಲೆ ಹೋಗುತ್ತದೆ, ಒಂದೊಂದು ಟೈರಿಗೆ ಒಂದೊಂದು ಥರ. ಕಲ್ಲು ಕೊರೆದ ಗಾಯ ಆ ಜಾಯಿಂಟಿಗೆ ಇಷ್ಟೇ ದೂರದಲ್ಲಿ ಬಿದ್ದ ಇನ್ನೊಂದು ಟೈರ್ ಸಿಗೋದು ಬಹಳ ಕಷ್ಟ.

ಸೋಮವಾರ ಠಾಣೆಗೆ ಹೋದಾಗ ಇಷ್ಟನ್ನು ಬರೆದುಕೊಡು: ಸುತ್ತಳತೆ 7 ಅಡಿ 2 ಇಂಚು, ರಿಟ್ರೆಡ್ ಟೈರ್, ಎಡಗಡೆ ಗಾಲಿ, ನೇರ ದಾರಿಯಲ್ಲಿ ಮೇಲೆ ಉಳಿದ ಜಾಡಾದ್ದರಿಂದ ಹಿಂದಿನದೇ ಇರಬೇಕು. ಹೊರ ಅಂಚಿನಲ್ಲಿ ಅರ್ಧಚಂದ್ರದ ಗಾಯ, ಅದರಿಂದ ಒಂದು ಗೇಣಿಗೆ ಜಾಯಿಂಟು, ಅಲ್ಲಿ 42ರ ಬದಲು 35ರ ಬಳುಕು. ಗೇಣಿನ ಬದಲು ಮಿಲಿಮೀಟರಿನಲ್ಲಿ ಅಳೆದು ಬರೆ. ಪೊಲೀಸರು ಹುಬ್ಬಳ್ಳಿ, ಗದಗಿನ ರಿಟ್ರೆಡಿಂಗ್ ಅಂಗಡಿಗಳಲ್ಲಿ ಕೇಳುವುದಾದರೆ ನನ್ನ ಹತ್ತಿರವೂ ಬರಲಿ. ನಮ್ಮ ರಿಜಿಸ್ಟರಿನಲ್ಲಿ ಟೈರಿನ ಸೈಜು, ಹಾಕಿದ ಗೆರೆ, ತಂದವರ ಗಾಡಿ ನಂಬರ್ ಎಲ್ಲಾ ಬರೆದಿಡುತ್ತೇವೆ. ನಾನೇ ಹಾಕಿದ ಪಟ್ಟಿ ಆಗಿದ್ದರೂ ತೆಗೆದು ತೋರಿಸುತ್ತೇನೆ.